ಸಿಳ್ಳೆ ಇಲ್ಲದ ಚಳಿಗಾಲ

ಹೊಳೆದಂಡೆಯ ಮನೆ, ಉತ್ತರ ಮೇನ್
ಫೆಬ್ರವರಿ ೬, ಗುರುವಾರ

ನಾರ್ಮಂಡ್,

'ಪ್ರಿಯ' ಎಂದು ಬರೆದು ಹೊಡೆದುಹಾಕಿದೆ, ಮತ್ತೆ ಬರೆದೆ, ಮತ್ತೆ ಹೊಡೆದೆ. ಈಗ ಬರೀ ಹೆಸರು ಉಳಿದಿದೆ. ಇದೇ ಊರಲ್ಲಿ, ನಿಮ್ಮ ಮನೆತನದ ಉರುವಲು ಎಣ್ಣೆ ಡಿಪೋ ಮೇಲಿನ ಕೋಣೆಯಲ್ಲಿರುವ ಗಂಡನಿಗೆ ಹೆಂಡತಿ ಅಂಚೆಯಲ್ಲಿ ಕಾಗದ ಹಾಕಿದಳೆಂದು ಅಂಚೆ ಕಚೇರಿಯವಳು ಊರೆಲ್ಲ ಸಾರುತ್ತಾಳೆ. ಸಾರಲಿ. ಫೋನಿನಲ್ಲಿ ಮಾತಾಡಿದರೆ ನೀನು "ಹೂಂ" ಎನ್ನುತ್ತೀಯ, ನಾನು ಕೂಗಾಡುತ್ತೇನೆ. ನಾವು ಬೇರೆಯಾದದ್ದೂ ಹಾಗೆಯೇ ಅಲ್ಲವೇ? ಕಾಗದದ ಮೇಲೆ ಕೂಗಾಡಲು ಬರುವುದಿಲ್ಲ.

ಆದರೂ ಒಂದು ಕಡೆ ಕೂತು ಬರೆಯಲಾಗುತ್ತಿಲ್ಲ. ನಾಲ್ಕು ಸಾಲು ಬರೆದು ಏಳುತ್ತೇನೆ, ಕಿಟಕಿಗೆ ಹೋಗುತ್ತೇನೆ, ನೆಲದಲ್ಲಿ ಬಿಸಿ ಬರುವ ಗಾಳಿಕಂಡಿಯ ಮೇಲೆ ಕೈ ಇಟ್ಟು ನೋಡುತ್ತೇನೆ, ಬರುತ್ತೇನೆ. ನೀನು ಹೋದ ಮೇಲೂ ನನ್ನ ಜೊತೆಗೇ ಉಳಿದ ನಿನ್ನಮ್ಮ ಬೈಯುತ್ತಿದ್ದಾರೆ, "ಕಾಲಿಗೆ ಚಕ್ರ ಕಟ್ಕೊಂಡಿದೀಯೇನೇ, ಕ್ಲೊಡೆಟ್?"

ನವೆಂಬರಿನ ಆ ಭಾನುವಾರದ ಬಗ್ಗೆ ಮೊದಲು ಹೇಳಬೇಕು. ಚರ್ಚಿನ ಪೂಜೆಗೆ ಹೊರಡುವ ಹೊತ್ತು. ನಮ್ಮ ಕೊರಿನ್ ತಲೆನೋವೆಂದು ಮೇಜಿನ ಮೇಲೆ ತಲೆಯಿಟ್ಟಿದ್ದಳು. ಬಿಸಿ ಪ್ಲೋಯ್ ದೋಸೆ ಹಾಕಿಕೊಟ್ಟರೆ ಮುಟ್ಟಲಿಲ್ಲ. ಒಂಬತ್ತು ವರ್ಷದ ಮಗು ಪ್ಲೋಯ್ ಬೇಡ ಎಂದಾಗಲೇ ನನಗೆ ತಿಳಿಯಬೇಕಿತ್ತು. ನಿನ್ನಮ್ಮ ಸಿಂಕಿಗೆ ಬಗ್ಗಿ ವಾಂತಿ ಮಾಡಿಕೊಂಡರು. ನಾನು ಹಿಂದಿನ ದಿನದ ಮೀನಿನ ಮೇಲೆ ತಪ್ಪು ಹೊರಿಸುತ್ತಿದ್ದೆ, ಅಷ್ಟರಲ್ಲಿ ವಿಷಗಾಳಿಯ ಅಲಾರಂ ಕಿರುಚಿಕೊಂಡಿತು. ಮಗುವನ್ನು ಎತ್ತಿಕೊಂಡು, ನಿನ್ನಮ್ಮನನ್ನು ಎಳೆದುಕೊಂಡು, ಹಿಮದಲ್ಲಿ ಬರೀ ಸಾಕ್ಸಿನಲ್ಲಿ ನಿಂತೆ. ಅಗ್ನಿಶಾಮಕದವರು ಬಂದು ನೆಲಮಾಳಿಗೆಯಲ್ಲಿ ಮನೆ ಬಿಸಿಮಾಡುವ ಎಣ್ಣೆ ಫರ್ನೇಸ್ ಆರಿಸಿ, ಅದಕ್ಕೆ ಕೆಂಪು ಚೀಟಿ ಕಟ್ಟಿದರು. ಒಳಗಿನ ಲೋಹ ಬಿರುಕು ಬಿಟ್ಟು ಹೊಗೆಯೆಲ್ಲ ಮನೆಯ ಗಾಳಿಗೆ ಸೇರುತ್ತಿತ್ತಂತೆ.

ಸಂಜೆ ನೀನು ಬಂದೆ. ಟಾರ್ಚು ಹಿಡಿದು, ಅವರು ಸೀಮೆಸುಣ್ಣದ ಗುರುತು ಹಾಕಿದ್ದ ಬಿರುಕನ್ನು ನೋಡಿದೆ. ಸೆಪ್ಟೆಂಬರಿನಲ್ಲಿ ಅದೇ ಫರ್ನೇಸನ್ನು ನೀನೇ ಬಿಚ್ಚಿ ಒರೆಸಿ "ಸರಿಯಾಗಿದೆ" ಎಂದಿದ್ದೆ. ನೀನು ಮೆಟ್ಟಿಲು ಹತ್ತಿದೆ, ಕೊರಿನ್ ತಲೆ ಮುಟ್ಟಲು ಕೈ ಚಾಚಿ ಹಿಂದೆಗೆದುಕೊಂಡೆ, ಹೊರಟುಹೋದೆ. ಅಂದಿನಿಂದ ನಮ್ಮ ಬೀದಿಗೂ ಬಂದಿಲ್ಲ.

ಆಮೇಲೆ ನಡೆದದ್ದು ನಿನಗೆ ನಿನ್ನ ಅಣ್ಣ ರೋಲಾಂಡನ ಬಾಯಿಂದ ಮಾತ್ರ ತಿಳಿದಿರಬೇಕು. ಅವನ ಬಾಯಿ ನನಗೆ ಗೊತ್ತು.

ರೋಲಾಂಡ್ ಮರುದಿನವೇ ಬಂದು ಹೊಸ ಎಣ್ಣೆ ಫರ್ನೇಸ್ ತಾನೇ ಕೂರಿಸುವೆನೆಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ, ಇಲ್ಲವೆನ್ನುವುದಿಲ್ಲ. ನಾನು ಯೋಚಿಸುತ್ತೇನೆ ಎಂದದ್ದೇ ಅವನಿಗೆ ಸಿಟ್ಟು. "ಎಣ್ಣೆ ಮಾರೋರ ಮನೇಲೇ ಎಣ್ಣೆ ಬೇಡ ಅಂದ್ರೆ ಊರವರು ಉಗೀತಾರೆ, ಕ್ಲೊಡೆಟ್." ನಾನು ಬಾಯಿ ತೆರೆಯುವ ಮೊದಲೇ ಕುರ್ಚಿಯಿಂದ ನಿನ್ನಮ್ಮ ಹೇಳಿದರು, "ನಿಮ್ಮಪ್ಪ ಜೀವ ಇರೋತನಕ ಎಣ್ಣೆ ಮಾರಿದ್ರು ಕಣೋ. ಹಾಗಂತ ಮೊಮ್ಮಗಳಿಗೆ ಹೊಗೆ ಕುಡಿಸ್ಲಾ?"

ಕೊರಿನ್ ತನ್ನ ಕೋಣೆಗೆ ಹೋಗಲು ಒಪ್ಪುತ್ತಿರಲಿಲ್ಲ. ಕೆಳಗೆ ಬೆಂಕಿ ಇದೆ ಎಂಬ ಭಯ. ಕೋಟು ಹಾಕಿಕೊಂಡು, ಬಾಗಿಲ ಪಕ್ಕದ ಬೆಂಚಿನ ಮೇಲೆ ಮಲಗುತ್ತಿದ್ದಳು. ಸೌದೆ ಒಲೆ ಉರಿಸಿದರೆ ಬೆಂಚು ಬಿಟ್ಟು ಹೊರಜಗಲಿಗೆ ಹೋಗಿ ನಿಲ್ಲುತ್ತಿದ್ದಳು. ಅದಕ್ಕೇ ನಾನು ಡೆರಿಕ್ ಮಿಶೋನನ್ನು ಕರೆಸಿದೆ. ಹೀಟ್ ಪಂಪ್ ಕೂರಿಸುವವನು. ಅವನ ಕಣ್ಣೆದುರೇ ನಿನ್ನಮ್ಮ ನಕ್ಕರು. "ಹೊರಗಿನ ಚಳಿಯಿಂದ ಬಿಸಿ ತರ್ತೀಯಾ? ಕಲ್ಲು ಹಿಂಡಿ ಹಾಲು ಕರೆದ ಹಾಗಾಯ್ತು." ಅವನು ಟೋಪಿ ತೆಗೆದು, "ನಿಮ್ಮ ಫ್ರಿಜ್ಜಿನ ಬೆನ್ನು ಮುಟ್ಟಿ ನೋಡಿ ಅಜ್ಜಿ, ಒಳಗಿನ ಬಿಸೀನ ಹೊರಗೆ ಹಾಕ್ತಿದೆ. ಇದು ಅದನ್ನೇ ತಿರುಗಿಸಿ ಮಾಡುತ್ತೆ" ಎಂದ. ಕೊರಿನ್ ಬೆಂಚಿನಿಂದ ಕೇಳಿದ್ದು ಒಂದೇ, "ಅದರೊಳಗೆ ಬೆಂಕಿ ಇರುತ್ತಾ?" "ಇಲ್ಲ ಪುಟ್ಟಿ." "ಒಂಚೂರೂ?" "ಕಡ್ಡಿ ಗೀರೋಷ್ಟೂ ಇಲ್ಲ."

ಆ ಕ್ಷಣಕ್ಕೇ ನನ್ನ ಅರ್ಧ ತೀರ್ಮಾನ ಆಯಿತು. ಉಳಿದರ್ಧಕ್ಕೆ ನಿದ್ದೆಗೆಟ್ಟೆ. ಗೋಡೆಗೆ ತೂಗುಹಾಕುವ ಯಂತ್ರ ಅಡುಗೆಮನೆಗೊಂದು, ಹಜಾರಕ್ಕೊಂದು ಸಾಕು ಎಂದು ಪಕ್ಕದ ಮನೆಯವರು ಹೇಳಿದರು. ಆದರೆ ಬಾಗಿಲು ಮುಚ್ಚಿದ ಕೋಣೆಗಳಿಗೆ ಆ ಬಿಸಿ ಹೋಗದು. ಕೊರಿನ್ ಕೋಣೆ ಮೇಲೆ, ನಿನ್ನಮ್ಮನದು ಹಿಂದೆ. ಯಾರನ್ನು ಚಳಿಗೆ ಬಿಡಲಿ? ಇನ್ನೊಂದು ದಾರಿ, ಮನೆಯಲ್ಲಿ ಈಗಾಗಲೇ ಇರುವ ಗಾಳಿಕೊಳವೆಗಳಿಗೇ ಹೀಟ್ ಪಂಪ್ ಜೋಡಿಸಿ ಎಲ್ಲ ಕೋಣೆಗೂ ಒಂದೇ ಉಸಿರು ಕಳಿಸುವುದು. ಆದರೆ ಇದರ ಗಾಳಿ ಫರ್ನೇಸಿನಷ್ಟು ಸುಡುವುದಿಲ್ಲ, ಹೆಚ್ಚು ಗಾಳಿ ಹರಿಯಬೇಕು, ಕೊಳವೆ ಸಣ್ಣದಿದ್ದರೆ ಕೆಲಸ ಕೆಟ್ಟಿತು. ಡೆರಿಕ್ ಕಿಟಕಿ, ಗೋಡೆ, ಅಟ್ಟ ಎಲ್ಲ ಅಳೆದ. ಮನೆ ಎಷ್ಟು ಬಿಸಿ ಕಳೆದುಕೊಳ್ಳುತ್ತದೆಂದು ಲೆಕ್ಕ ಹಾಕದೆ ಯಂತ್ರದ ಗಾತ್ರ ಹೇಳುವುದಿಲ್ಲವೆಂದ. ಕಡೆಗೆ ಹಿಂದಿನ ಕೋಣೆಯ ನೆಲದಡಿಯ ತಗ್ಗು ಸಂದಿಗೆ ಹೊಟ್ಟೆಯ ಮೇಲೆ ತೆವಳಿಕೊಂಡು ನುಗ್ಗಿದ. ಒಳಗಿಂದಲೇ ಕೂಗಿದ, "ಈ ಕೊಳವೆ ಯಾರು ಹಾಕಿದ್ದು?"

ನಿನ್ನಮ್ಮ ಕೂಗಿದರು, "ನನ್ನ ಮಗ!"

"ಗಟ್ಟಿ ಕೈ! ಇದನ್ನ ಕೀಳೋದೇ ಬೇಡ. ಸಂದು ಮುಚ್ಚಿ ಮೇಲೆ ಹೊದಿಕೆ ಸುತ್ತೋಣ, ಎರಡು ಕಡೆ ಅಗಲ ಮಾಡಿದ್ರೆ ಸಾಕು."

ಹಾಗೆ ನೀನು ಹಾಕಿದ ಕೊಳವೆಗಳು ಉಳಿದವು.

ಈಗ ಈ ಕಾಗದದ ಮುಖ್ಯ ಮಾತು. ಹಳೆಯ ಫರ್ನೇಸನ್ನು ಅಂಗಳಕ್ಕೆ ಹೊರುವಾಗ ನಾನು ಡೆರಿಕ್‌ನನ್ನು ಕೇಳಿದೆ, ಸೆಪ್ಟೆಂಬರಿನಲ್ಲಿ ಇದು ಕಾಣಬೇಕಿತ್ತೇ ಎಂದು. ಅವನು ಬೆರಳಿನಿಂದ ತೋರಿಸಿದ. ತಣ್ಣಗಿರುವಾಗ ಬಿರುಕಿನ ಎರಡು ತುಟಿ ಕೂಡಿಕೊಂಡಿರುತ್ತವೆ. ಕಾದು ಲೋಹ ಹಿಗ್ಗಿದಾಗ ಮಾತ್ರ ಬಾಯಿ ಬಿಡುತ್ತದೆ. "ಇದನ್ನ ಬೇಸಿಗೆ ಕಳೆದ ಮೇಲೆ ನೋಡಿದ್ರೆ ನನಗೂ ಕಾಣ್ತಿರಲಿಲ್ಲ" ಎಂದ. ನಿನ್ನನ್ನು ಸಮಾಧಾನ ಮಾಡಲು ಅವನಿಗೇನೂ ಕಾರಣವಿಲ್ಲ, ನಾರ್ಮಂಡ್. ಅದು ನಿನ್ನ ಪೈಪೋಟಿಯವನ ಮಾತು. ನಿನ್ನನ್ನು ಶಿಕ್ಷಿಸಲು ನಾನು ಈ ಯಂತ್ರ ತರಲಿಲ್ಲ. ರೋಲಾಂಡ್ ಹಾಗೆ ಹೇಳಿದ್ದರೆ ನಂಬಬೇಡ.

ಹೊಸದು ಬಂದು ಕ್ರಿಸ್ಮಸ್‌ಗೆ ಮೊದಲೇ ಕೂತಿತು. ಹಿಮ ಮುಚ್ಚದಂತೆ ಹೊರಗಿನ ಪೆಟ್ಟಿಗೆಯನ್ನು ಎತ್ತರದ ಕಾಲುಗಳ ಮೇಲೆ ನಿಲ್ಲಿಸಿದ್ದಾನೆ. ಮೊದಲ ದಿನ ನಿನ್ನಮ್ಮ ಗಾಳಿಕಂಡಿಗೆ ಕೈಯೊಡ್ಡಿ, "ಇದೇನು ಬಿಸಿಗಾಳೀನೋ, ಹಸು ಉಸಿರೋ?" ಎಂದರು. ನಿಜಕ್ಕೂ ಹಸುವಿನ ಉಸಿರೇ, ಆದರೆ ನಿಲ್ಲದೆ ಬರುತ್ತದೆ. ಒಮ್ಮೆ ಪೆಟ್ಟಿಗೆ ತನ್ನ ಮೈಮೇಲಿನ ಮಂಜು ಕರಗಿಸಿಕೊಳ್ಳುತ್ತ ಆವಿ ಬಿಟ್ಟಾಗ ರೋಲಾಂಡ್ ಲಾರಿ ನಿಲ್ಲಿಸಿ ಫೋನ್ ಮಾಡಿದ, "ನಿನ್ನ ಮಿಷಿನ್ನಿಗೆ ಬೆಂಕಿ ಬಿದ್ದಿದೆ!" ದನಿಯಲ್ಲಿ ಸಂತೋಷ ಇತ್ತೆಂದು ನಿನ್ನಮ್ಮನ ಆರೋಪ.

ಜನವರಿಯಲ್ಲಿ ಸೊನ್ನೆಗಿಂತ ಮೂವತ್ತು ಕೆಳಗೆ ಇಳಿದ ವಾರ ನನಗೆ ಜೀವ ಬಾಯಿಗೆ ಬಂದಿತ್ತು. ಅಷ್ಟು ಚಳಿಯಲ್ಲಿ ಪಂಪಿನ ಶಕ್ತಿ ಕುಗ್ಗುತ್ತದೆ, ಆಗ ಕೊಳವೆಯೊಳಗಿನ ವಿದ್ಯುತ್ ಸುರುಳಿ ನೆರವಾಗುತ್ತದೆ ಎಂದು ಡೆರಿಕ್ ಹೇಳಿದ್ದ. ಕರೆಂಟು ಹೋದರೆ ಇರಲೆಂದು ಸೌದೆ ಒಲೆ ಇಟ್ಟುಕೊಂಡಿದ್ದೇನೆ. ಹೋಗಲಿಲ್ಲ. ಆ ವಾರದ ಮಧ್ಯದಲ್ಲೇ ಕೊರಿನ್ ದಿಂಬು ಕಂಕುಳಲ್ಲಿಟ್ಟುಕೊಂಡು, ಯಾರಿಗೂ ಹೇಳದೆ, ಮೆಟ್ಟಿಲು ಹತ್ತಿ ತನ್ನ ಕೋಣೆಗೆ ಹೋದಳು. ನಾನು ಕೆಳಗೇ ನಿಂತು ಅತ್ತೆ.

ಎಲ್ಲ ಸರಿಯಾಗಿದೆ. ಆದರೂ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ. ನೀನು ಮನೆ ಬಿಟ್ಟ ಮೇಲೂ ಎಣ್ಣೆ ತುಂಬಲು ಬೇರೆ ಯಾರನ್ನೂ ಕಳಿಸುತ್ತಿರಲಿಲ್ಲ. ಟ್ಯಾಂಕು ತುಂಬುವಷ್ಟು ಹೊತ್ತು ಅದರ ಕೊಳವೆ ಸಿಳ್ಳೆ ಹಾಕುತ್ತಿತ್ತು. ನಾನು ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿ ಕೇಳುತ್ತಿದ್ದೆ. ಸಿಳ್ಳೆ ನಿಂತರೆ ನೀನು ಹೊರಟೆ ಎಂದು ಅರ್ಥ. ಈ ಚಳಿಗಾಲ ಸಿಳ್ಳೆಯೇ ಇಲ್ಲ. ಮೊನ್ನೆ ಕೊರಿನ್ ಕೇಳಿದಳು, "ಎಣ್ಣೆ ಬೇಡ ಅಂದ್ರೆ ಪಪ್ಪಾನೂ ಬೇಡ ಅಂತ ಅರ್ಥಾನಾ?" ಉತ್ತರ ನೀನೇ ಬಂದು ಅವಳಿಗೆ ಹೇಳು.

ಇಂತಿ,
ಕ್ಲೊಡೆಟ್

ತಾ.ಕ.: ಶನಿವಾರ. ಕಾಗದ ಅಂಚೆಗೆ ಬೀಳುವ ಮೊದಲೇ ನೀನು ಬಂದುಹೋದೆ. ಟ್ಯಾಂಕಿನಲ್ಲಿ ಉಳಿದ ಎಣ್ಣೆ ಹೀರಿಕೊಂಡು ಹೋಗಲು ಬಂದ ನಿನ್ನನ್ನು ಕೊರಿನ್ ತೋಳು ಹಿಡಿದು ಒಳಗೆಳೆದಳು. ನೀನು ಬೂಟು ಕಳಚಿ, ಗಾಳಿಕಂಡಿಯ ಮೇಲೆ ಅವಳ ಪಕ್ಕ ನಿಂತು, "ಬೆಚ್ಚಗಿದೆ" ಎಂದೆ. ಎರಡು ಲೋಟ ಕಾಫಿ ಕುಡಿದೆ. ಕಾಗದ ನನ್ನ ಏಪ್ರನ್ ಜೇಬಿನಲ್ಲೇ ಇತ್ತು, ಕೊಡಲು ಕೈ ಬರಲಿಲ್ಲ. ಈಗ ಅಂಚೆಗೆ ಹಾಕುತ್ತಿದ್ದೇನೆ. ಡಿಪೋಗೆ ಫೋನ್ ಮಾಡಿ "ಯಾರನ್ನಾದರೂ ಕಳಿಸಿ" ಎಂದೆನೆಂದು ನಿನಗೆ ಹೇಳಿದೆನಲ್ಲ, ಅದು ಸುಳ್ಳು. ರೋಲಾಂಡ್ ತಾನೇ ಬರುತ್ತೇನೆಂದ. ಬೇಡ, ನಾರ್ಮಂಡ್‌ನನ್ನೇ ಕಳಿಸು ಎಂದೆ.