ದೆಹಲಿಯ ಕುರ್ಚಿ, ಡೈರಿಯ ಕುರ್ಚಿ

ಕೆಂಗಲ್ ಹತ್ತಿರದ ತೋಟದ ಮನೆ
28 ಜೂನ್ 2009

ಪ್ರೀತಿಯ ಮನೋಹರ,

ಹೇಗಿದ್ದೀಯ? ಮಾಗಡಿ ಕಡೆ ಮಳೆ ಬಂತಾ? ನನ್ನ ದನಿ ನಿನಗೆ ಕೇಳಿಸಿ ತಿಂಗಳಾಯಿತು. ಮೊಬೈಲು ಕೆಟ್ಟಿರಲಿಲ್ಲ, ಕೆಟ್ಟಿದ್ದು ನನ್ನ ತಲೆ. ಕ್ಷಮಿಸು. ಮಾತು ರೆಕಾರ್ಡ್ ಮಾಡಿದ ಈ ಮೆಮರಿ ಕಾರ್ಡನ್ನೂ ಎಂದಿನಂತೆ ಮಾಗಡಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ. ಆದರೆ ಇದರಲ್ಲಿ ಮಾತಾಡಿರುವುದು ಬ್ಲಾಗಿಗಲ್ಲ, ನಿನಗೆ. ಟೈಪ್ ಮಾಡಿದರೆ ನನಗೊಂದು ಪ್ರತಿ ಕಳಿಸು, ಕಾಗದ ಅಂತ ಇಟ್ಟುಕೊಳ್ಳುತ್ತೇನೆ.

ನನಗೆ ಬಾಯಿದೆ, ಟೈಪ್ ಮಾಡುವ ಬೆರಳಿಲ್ಲ. ನಿನ್ನ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆಗಳ ನಡುವೆ ಕೂತು ನನ್ನ ರಾಜಕೀಯವನ್ನೆಲ್ಲ ಬ್ಲಾಗಿಗೆ ಏರಿಸಿದವನು ನೀನು. ನಿನ್ನ ಓಟು ಎದುರು ಪಕ್ಷಕ್ಕೆ. ನಾನು ದೇಶ ಮೊದಲು, ಪಕ್ಷ ಆಮೇಲೆ ಎಂದೆ. ಅಪ್ಪನ ಗಾದಿ ಮಗನಿಗೆ ಅನ್ನುವುದು ಪಕ್ಷವೇ ಅಲ್ಲ, ಪಾಳೆಯಪಟ್ಟು ಎಂದೆ. ಪುಕ್ಕಟೆ ಹಂಚುವ ಸರ್ಕಾರ ದುಡಿಯುವವನ ಕೈ ಸೋಲಿಸುತ್ತದೆ ಎಂದೆ. ನೀನು ಒಂದನ್ನೂ ಒಪ್ಪಲಿಲ್ಲ, ಒಂದು ಪದವನ್ನೂ ತಿದ್ದಲಿಲ್ಲ. ಇಂಥ ಗೆಳೆಯ ನಮ್ಮ ಪಕ್ಷದ ನಾಯಕರಿಗೆ ಒಬ್ಬೊಬ್ಬನಿದ್ದಿದ್ದರೆ ಸಾಕಾಗಿತ್ತು.

ಮೇ ತಿಂಗಳಲ್ಲಿ ನಮ್ಮವರು ದೆಹಲಿಯಲ್ಲಿ ಮತ್ತೆ ಸೋತಾಗ ನಾನು ಕುದಿದುಹೋದೆ. ಸೋಲಿಗಲ್ಲ, ಸೋತ ಮೇಲೂ ದೊಡ್ಡವರು ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತ ಕೂತರಲ್ಲ, ಅದಕ್ಕೆ. ಅವತ್ತು ಹೇಳಿದ್ದು ನಿನಗೆ ನೆನಪಿರಬೇಕು. ಸಂಪ್ರದಾಯ ಉಳಿಸುವ ಪಕ್ಷಕ್ಕೆ ವಾನಪ್ರಸ್ಥ ಏನೆಂದು ಗೊತ್ತಿರಬೇಕು, ಮನೆ ಕಟ್ಟಿದವನೇ ಹೊಸ್ತಿಲಿಗೆ ಅಡ್ಡ ಮಲಗಿದರೆ ಮಕ್ಕಳು ಒಳಗೆ ಬರುವುದೆಂತು, ಎದ್ದು ಜಾಗ ಬಿಡಿ ಎಂದಿದ್ದೆ. ಅದನ್ನು ಟೈಪ್ ಮಾಡಿ ಮುಗಿಸಿ ನೀನು ಫೋನ್ ಮಾಡಿದೆ.

“ಲೇ ರಾಜು, ಚೆನ್ನಾಗೈತೆ ಕಣ್ಲಾ. ಹಂಗೇ ಹಾಕ್ತೀನಿ. ಅಂದಂಗೆ, ನಿಮ್ ಡೈರಿ ಎಲೆಕ್ಷನ್ ಯಾವತ್ತು?”

ನಾನು ಫೋನ್ ಇಟ್ಟುಬಿಟ್ಟೆ.

ಊರಿನ ಹಾಲಿನ ಸಂಘ ಶುರುವಾದಾಗಿನಿಂದ ನಾನೇ ಅಧ್ಯಕ್ಷ. ನಮ್ಮಲ್ಲಿ ಅಧ್ಯಕ್ಷರ ಕ್ಯಾನು ಸಾಲಿನಲ್ಲಿ ನಿಲ್ಲುವುದಿಲ್ಲ. ಮೊದಲು ಅವರ ಹಾಲು ಅಳೆದು, ಆಮೇಲೆ ಮಿಕ್ಕವರದು. ನಾನು ದೇವರಿಗೆ ದೀಪ ಹಚ್ಚಿ ಹೊರಡುವಷ್ಟರಲ್ಲಿ ಆರೂವರೆ. ಬಿಡದಿ ಫ್ಯಾಕ್ಟರಿಗಳ ಬಸ್ಸು ಬರುವುದು ಆರಕ್ಕೇ. ಶಿಫ್ಟಿಗೆ ಹೋಗುವವರು ಡೈರಿಗೆ ಕಾಯಲಾಗದೆ ಹಾಲನ್ನು ರಸ್ತೆಬದಿಯ ಹೋಟೆಲಿಗೆ ಕೊಟ್ಟು ಬಸ್ಸು ಹತ್ತುತ್ತಿದ್ದರು. ಅವರಲ್ಲೊಬ್ಬ ದಾಸಪ್ಪ, ಫ್ಯಾಕ್ಟರಿ ಕೆಲಸದ ಜೊತೆಗೇ ನಾಲ್ಕು ಹಸು ಕಟ್ಟಿರುವವನು. ಐದೂವರೆಗೇ ಡೈರಿ ತೆಗೆಯೋಣ, ಇಲ್ಲದಿದ್ದರೆ ಸಂಘಕ್ಕೆ ಹಾಲೇ ಉಳಿಯುವುದಿಲ್ಲ ಎಂದು ಮಹಾಸಭೆಯಲ್ಲಿ ಕೇಳಿದ್ದ. ಪದ್ಧತಿ ಅಂದರೆ ಪದ್ಧತಿ ಎಂದು ನಾನು ಅವನನ್ನು ಕೂರಿಸಿದ್ದೆ.

ನೀನು ಕೇಳಿದ ಮೇಲೆ ಮನೆಯಲ್ಲೂ ಶುರುವಾಯಿತು. ನಿನ್ನ ಅತ್ತಿಗೆ ಮುದ್ದೆ ಬಡಿಸುತ್ತಲೇ, “ದಿಲ್ಲಿಗೆ ಹೇಳಿದ್ ಬುದ್ಧಿ ಕೆಂಗಲ್‌ಗೆ ಬರಕ್ಕೆ ಬಸ್ ಸಿಗ್ನಿಲ್ವಾ?” ಎಂದಳು. ನಾನು ಗಬಗಬ ಉಂಡೆದ್ದೆ.

ಮೊನ್ನೆ ಹೊಸ ನಿರ್ದೇಶಕರ ಸಭೆ ಇತ್ತು, ದಾಸಪ್ಪನೂ ಗೆದ್ದು ಬಂದಿದ್ದ. ಇದೊಂದು ಸಲ ಇದ್ದುಬಿಡೋಣ ಅಂತಲೇ ಒಳಗೆ ಹೋಗಿದ್ದೆ, ನಿನ್ನಾಣೆ. ಕಾರ್ಯದರ್ಶಿ ಮುನಿರಾಮಯ್ಯ ಅಧ್ಯಕ್ಷ ಸ್ಥಾನಕ್ಕೆ ಹೆಸರು ಸೂಚಿಸಿ ಎಂದಾಗ ನಿನ್ನ ಹಾಳು ಪ್ರಶ್ನೆ ಕಿವಿಯಲ್ಲಿ ಗುಂಯ್ ಎಂದಿತು. ಎದ್ದು ನಿಂತು, ನಾನು ನಿಲ್ಲುವುದಿಲ್ಲ, ದಾಸಪ್ಪ ಆಗಲಿ ಎಂದೆ. ಚಪ್ಪಾಳೆಯೋ ಚಪ್ಪಾಳೆ. ಶಾಲು ಹೊದಿಸಿದರು, ಹಾರ ಹಾಕಿದರು. ದಾಸಪ್ಪ ನನ್ನ ಕಾಲು ಮುಟ್ಟಿದ.

“ಅಣ್ಣ, ನೀವು ಕಟ್ಟಿದ್ ಸಂಘ. ತಪ್ಪಾದ್ರೆ ಬೈದು ಹೇಳ್ಬೇಕು.”

ಇವತ್ತಿನಿಂದ ಡೈರಿ ತೆರೆಯುವುದು ಐದೂವರೆಗೆ. ದೇವರ ದೀಪವನ್ನೂ ಅಷ್ಟು ಬೇಗ ಹಚ್ಚಿದೆ, ದೇವರೇನೂ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಕ್ಯಾನು ಹಿಡಿದವನು ಅಭ್ಯಾಸಬಲದಿಂದ ನೇರ ಮುಂದಕ್ಕೆ ಹೋದೆ. ಸಾಲಿನ ಕೊನೆಯಲ್ಲಿ ಕ್ಯಾನು ಹಿಡಿದು ನಿಂತಿದ್ದ ಬೋರಮ್ಮ ಕರೆದಳು. “ಅಣ್ಣೋ, ಸಾಲು ಇಲ್ಲೈತೆ. ಬನ್ನಿ, ನನ್ನಿಂದೆ ನಿಂತ್ಕಳಿ.” ಎಲ್ಲರೂ ನಕ್ಕರು, ನಾನೂ ನಕ್ಕೆ. ನಿಂತಲ್ಲೇ ಯಾರ ಹಸು ಮೇವು ಬಿಟ್ಟಿದೆ, ಯಾರಿಗೆ ಫ್ಯಾಕ್ಟರಿಯಲ್ಲಿ ಪರ್ಮನೆಂಟ್ ಆಯಿತು, ಎಲ್ಲ ಕಿವಿಗೆ ಬಿತ್ತು. ಹೋಟೆಲಿಗೆ ಹೋಗುತ್ತಿದ್ದ ಹಾಲೆಲ್ಲ ನನ್ನ ಮುಂದೆಯೇ ಸಾಲಿನಲ್ಲಿತ್ತು. ಇಷ್ಟು ವರ್ಷ ಆ ಕುರ್ಚಿಯಲ್ಲಿ ಕೂತು ಈ ಸಾಲಿನ ಮಾತು ನಾನು ಕೇಳಿಯೇ ಇರಲಿಲ್ಲ. ನಮ್ಮ ದೆಹಲಿಯವರೂ ಒಸಿ ಹೊತ್ತು ಹೀಗೆ ನಿಂತರೆ ಪಕ್ಷ ತಾನಾಗಿ ಎದ್ದೀತು. ಮುಂದಿನ ಸಲ ಇದನ್ನೇ ಮಾತಾಡಿ ಕಳಿಸುತ್ತೇನೆ, ಬೈದುಕೊಂಡೇ ಟೈಪ್ ಮಾಡು.

ಕೆಂಗಲ್ ಹನುಮಂತರಾಯ ನಿನ್ನ ಕಣ್ಣನ್ನೂ ಬೆರಳನ್ನೂ ಚೆನ್ನಾಗಿಟ್ಟಿರಲಿ. ನಿನ್ನ ಓಟು ಎಲ್ಲಿಗಾದರೂ ಹೋಗಲಿ, ನೀನು ಮಾತ್ರ ಬಸ್ಸು ಹತ್ತಿ ಇಲ್ಲಿಗೆ ಬಾ.

ನಿನ್ನ
ಅನಂತರಾಜು

ಹೇಳದೆ ಬಿಟ್ಟದ್ದು: ಆ ಶಾಲಿನ ವಿಷಯ. ನಾನು ಏಳುತ್ತೇನೆಂದು ಏಳುವವರೆಗೆ ನನಗೇ ಗೊತ್ತಿರಲಿಲ್ಲ. ಆದರೆ ನನ್ನ ಮಾತು ಮುಗಿಯುವ ಮೊದಲೇ ಮುನಿರಾಮಯ್ಯ ಬೀರು ತೆಗೆದು ಶಾಲು ಈಚೆಗಿಟ್ಟ. ಹಾರದ ಹೂವು ಇನ್ನೂ ಒದ್ದೆಯಿತ್ತು. ಎಲ್ಲ ಮೊದಲೇ ರಾಮನಗರದಿಂದ ತಂದಿಟ್ಟಿದ್ದರು. ಇನ್ನೊಂದು ಸಲ ಇರಿ ಎಂದು ಒಬ್ಬರೂ ಅನ್ನಲಿಲ್ಲ ಮನೋಹರ. ನೀನು ಫೋನ್ ಮಾಡದಿದ್ದರೆ ಅವರೇ ನನ್ನನ್ನು ಇಳಿಸಿ, ಆ ಶಾಲನ್ನು ನನಗೆ ಕೂತಲ್ಲೇ ಹೊದಿಸುತ್ತಿದ್ದರು. ನಿನಗೆ ಕೈ ಮುಗಿಯುವುದು ಅದಕ್ಕೇ. ದೆಹಲಿಯವರ ಮೇಲಿನ ಆ ಬರಹ ತೆಗೆಯಬೇಡ, ಸರಿಯಾಗಿಯೇ ಇದೆ. ಕೊನೆಗೊಂದು ಸಾಲು ಸೇರಿಸು: ಹಿರಿಯರು ಏಳುವಾಗ ಯಾರಾದರೂ ಒಬ್ಬರು, ಇನ್ನೊಂದು ಗಳಿಗೆ ಕೂತಿರಿ ಅನ್ನಿ. ಅವರು ಕೂರುವುದಿಲ್ಲ.