ಯಾರ ಜೋಡಿ ಉಣ್ತಿ?

ಮಾರ್ಚ್ 7, 2005, ಸೋಮವಾರ

ಹೆಂಗಸರ ಸೆಂಟರಿನ ಕಸ ಗುಡಿಸಿ, ಎಲ್ಲರಿಗೂ ಚಹಾ ಕೊಟ್ಟು, ಮತ್ತೆ ಟ್ರೇನಿಂಗಿಗೆ ಕೂತೆ. ವಿಜಯಶ್ರೀ ಮೇಡಮ್ ಗಂಡನ ಹೊಡೆತ ತಿಂದ ಹೆಂಗಸಿನ ಪಾತ್ರ ಮಾಡಿದರು. ನಾನು ಕೌನ್ಸೆಲರ್. ನನಗೆ ನಗು ಬಂತು. ಅವರು ನಗಲಿಲ್ಲ.

"ಯಾಕ ಹೊಡದ್ರು ನಿಮಗ?" ಎಂದು ಕೇಳಿದೆ.

"ಕಾದು, ಕಾದು!" ಎಂದರು, ಹಾಗಲ್ಲ ಅಂತ. ಮೇಡಮ್ ಹುಟ್ಟಿ ಬೆಳೆದದ್ದು ಇದೇ ತೆಲುಗು ಶಹರದ ಕುಷಾಯಿಗೂಡದಲ್ಲಿ. ಮನೆಮಾತು ಕನ್ನಡವೇ, ಆದರೆ ಬಾಯಿಗೆ ಮೊದಲು ಬರುವುದು ತೆಲುಗು. "ಯಾಕ ಅನಬ್ಯಾಡ ಸುಭದ್ರಾ. ಯಾಕ ಅಂದ್ರ ತಪ್ಪು ತನ್ನದೇ ಅಂತ ಅಕಿಗಿ ಅನಸ್ತದ. ಏನಾಯ್ತು ಅಂತ ಕೇಳು. ಕೇಳಿ ಸುಮ್ಮನ ಕೂಡು. ಅಕಿ ಸುಮ್ಮನಿದ್ರ ನೀನೂ ಸುಮ್ಮನಿರು."

ಸುಮ್ಮನಿರುವುದು ನನಗೇನು ಕಷ್ಟ? ಅಣ್ಣ, ಅತ್ತಿಗೆ ಸೊಲ್ಲಾಪುರಕ್ಕೆ ಹೋದ ಮೇಲೆ ಸನತ್‌ನಗರದ ಈ ಖೋಲಿಯಲ್ಲಿ ನಾನೊಬ್ಬಳೇ. ಇಲ್ಲಿ ಕುಕ್ಕರ್ ಒಂದೇ ಬಾಯಿ ತೆರೆಯುವುದು.

ಇನ್ನೂ ಎರಡು ನಿಯಮ ಹೇಳಿದರು. ನಮ್ಮ ಕಥೆ ಅವರಿಗೆ ಹೇಳಬಾರದು. ಅವರ ಮನೆಯಲ್ಲಿ ಏನೂ ತಿನ್ನಬಾರದು, ಕುಡಿಯಬಾರದು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಚಹಾ ಮಾಡಲು ಇಟ್ಟುಕೊಂಡಿದ್ದರು. ಮಾದಾಪುರದ ಕೂಲಿ ಶೆಡ್ಡುಗಳಲ್ಲಿರುವ ಹೆಂಗಸರು ನಮ್ಮ ಕಡೆಯವರು, ಅವರ ಮಾತು ನನಗೆ ಬರುತ್ತದೆ. ಅದಕ್ಕೇ ಇದೆಲ್ಲ. ನಾಡಿದ್ದು ಮೊದಲ ಸಲ ಒಬ್ಬಳೇ ಹೋಗಬೇಕು.

ಮಾರ್ಚ್ 9, ಬುಧವಾರ, ರಾತ್ರಿ

ಹೋಗಿ ಬಂದೆ. ಕೆಡಿಸಿ ಬಂದೆ.

ಬಸಲಿಂಗಮ್ಮ. ಯಾದಗಿರಿ ಕಡೆಯವಳು. ಮಕ್ಕಳಿಲ್ಲ. ಗಂಡನ ಜೊತೆ ಕಂಪ್ಯೂಟರ್ ಕಂಪನಿಯ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಾಳೆ. ಎಡಗೈ ಮೇಲೆ ಸುಟ್ಟ ಗಾಯವಿದೆ, ಗಂಡನದೇ ಕೆಲಸ ಎಂದು ಪಕ್ಕದ ಶೆಡ್ಡಿನವರು ಸೆಂಟರಿಗೆ ಹೇಳಿದ್ದರು. ಮೇಡಮ್ ಮೊದಲೇ ಎಚ್ಚರಿಸಿದ್ದರು — ಆ ಮಾತು ಅವಳ ಬಾಯಿಂದಲೇ ಬರಬೇಕು. ಬಂದರೆ ಹೆಂಗಸರ ಹಾಸ್ಟೆಲ್ಲಿನಲ್ಲಿ ಜಾಗ ಸಿಗುತ್ತದೆ. ಬರದಿದ್ದರೆ ನಮ್ಮ ಕೈಯಲ್ಲಿ ಏನೂ ಇಲ್ಲ. ಇಪ್ಪತ್ತನೇ ತಾರೀಖಿಗೆ ಗುತ್ತೇದಾರ ಎಲ್ಲರನ್ನೂ ಪುಣೆಗೆ ಕರೆದೊಯ್ಯುತ್ತಾನೆ. ಅಷ್ಟರೊಳಗೆ.

ನನ್ನನ್ನು ಕಂಡು ಖುಷಿಯಾದಳು. "ನಮ್ಮ ಕಡೆ ಮಾತು! ಕುಂದರ್ರಿ, ಕುಂದರ್ರಿ." ಮೂರು ಕಲ್ಲಿನ ಒಲೆಯ ಮೇಲೆ ಚಹಾ ಕಾಸಿದಳು. ಸ್ಟೀಲಿನ ಗಿಲಾಸನ್ನು ತೊಳೆದು, ಸೆರಗಿನಿಂದ ಒರೆಸಿ, ಮತ್ತೊಮ್ಮೆ ಒರೆಸಿ, ತುಂಬಿ ಮುಂದಿಟ್ಟಳು.

"ಬ್ಯಾಡ್ರಿ. ನಾ ಕುಡಿಯಂಗಿಲ್ಲ."

ಗಿಲಾಸನ್ನೇ ನೋಡುತ್ತ ಕೂತಳು.

"ಕೈಗೆ ಏನಾತ್ರಿ?" ಎಂದೆ. ಯಾಕೆ ಎನ್ನಲಿಲ್ಲ.

"ರೊಟ್ಟಿ ಹಂಚು ತಾಗೇತಿ."

ಹೇಳಿಕೊಟ್ಟ ಹಾಗೆ ಸುಮ್ಮನೆ ಕೂತೆ. ಅವಳೂ ಕೂತಳು. ಕಡೆಗೆ ಎದ್ದು ಚಹಾವನ್ನು ಹೊರಗೆ ಮಣ್ಣಿಗೆ ಚೆಲ್ಲಿ, "ನಮ್ಮ ಗಿಲಾಸು ನಿಮಗ ನಡ್ಯಂಗಿಲ್ಲ ಬಿಡ್ರಿ," ಎಂದಳು.

ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಊರಲ್ಲಿ ಅವ್ವ ಬೊಗಸೆ ಹಿಡಿದರೆ ಮೇಲಿಂದ ನೀರು ಸುರಿಯುತ್ತಿದ್ದರು. ನಮ್ಮ ಬಾಗಿಲಿಗೆ ಬಂದವರು ಹೊಸ್ತಿಲಾಚೆಯೇ ನಿಂತು, ಬ್ಯಾಡವ್ವ, ಈಗರ ಕುಡದೀನಿ, ಎನ್ನುತ್ತಿದ್ದರು. ಅದೇ ಮಾತು. ಈ ಸಲ ನನ್ನ ಬಾಯಿಂದ.

ಮಾರ್ಚ್ 10, ಗುರುವಾರ

ಮೇಡಮ್‌ಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಕಚ್ಚಿದರು.

"ಅಯ್ಯೋ. ನೀರರೆ ಕುಡೀಬೇಕಿತ್ತು. ನಾ ಹೇಳಲಿಲ್ಲ, ಅದು ನಂದೇ ತಪ್ಪು. ಮತ್ತ ಹೋಗು. ಆದ್ರ ಯಾರನ್ನೂ ನಿನ್ನ ಖೋಲಿಗಿ ಮಾತ್ರ ಕರಕೊಂಡು ಹೋಗಬ್ಯಾಡ. ಹೋದ ವರ್ಷ ನಮ್ಮ ಸೆಂಟರಿನ ಸುವರ್ಣಾ ಒಬ್ಬಾಕಿನ್ನ ಕರಕೊಂಡು ಹೋಗಿದ್ಲು. ಆ ಹೆಂಗಸಿನ ಗಂಡ ಬಂದು ಇವಳ ಬಾಗಿಲು ಮುರದ."

ನನ್ನ ಖೋಲಿಗೆ ಯಾರು ಬರುತ್ತಾರೆ...

ಮಾರ್ಚ್ 12, ಶನಿವಾರ

ಬಸಲಿಂಗಮ್ಮ ಮುಖ ಕೊಡಲಿಲ್ಲ. "ಕೆಲಸ ಐತ್ರಿ," ಎಂದು ಒಳಗೆ ಹೋದಳು.

ನಳದ ಹತ್ತಿರ ಒಬ್ಬ ಮುದುಕಿ ಕೂಗಿದಳು: "ಬಂದಳವ್ವ ಕೇಳಾಕಿ! ನಮ್ಮನ್ನೂ ಕೇಳ ತಾಯಿ! ನನ್ನ ಗಂಡ ಹೊಡ್ಯಂಗಿಲ್ಲ, ನಾನೇ ಅವಗ ಹೊಡೀತೀನಿ, ಅದಕ್ಕ ನನ್ನ ಯಾರೂ ಕೇಳವಲ್ರು!"

ಎಲ್ಲರೂ ನಕ್ಕರು. ನನಗೂ ನಗಬೇಕೆನಿಸಿತು. ತಲೆ ತಗ್ಗಿಸಿ ಬಂದೆ.

ಮಾರ್ಚ್ 18, ಶುಕ್ರವಾರ

ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಮತ್ತೆರಡು ಸಲ ಹೋಗಿದ್ದೆ — ಅದೇ ಬಾಗಿಲು, ಅದೇ ಬೆನ್ನು. ನಿನ್ನೆ ಮಾತಾಡಿದ್ದು ಕಂಡಕ್ಟರ್ ಜೊತೆ ಮಾತ್ರ. "ಸನತ್‌ನಗರ್ ಏಕ್."

ಮಾರ್ಚ್ 19, ಶನಿವಾರ

ಗಂಡ ಲಾರಿ ನೋಡಲು ಹೋಗಿದ್ದ. ಅವಳು ಪಾತ್ರೆ ಗಂಟು ಕಟ್ಟುತ್ತಿದ್ದಳು. ಬಾಗಿಲಲ್ಲೇ ನಿಂತು ಹೇಳಿದೆ: "ಅಕ್ಕಾ, ಕುಡಿಯಾಕ ನೀರು ಕೊಡ್ರಿ."

ತಿರುಗಿ ನೋಡಿದಳು. "ನಮ್ಮ ಕೊಡದ ನೀರು."

"ಅದನ್ನೇ ಕೊಡ್ರಿ."

ಗಿಲಾಸಿಗೆ ತುಟಿ ಹಚ್ಚಿ ಪೂರಾ ಕುಡಿದೆ. ಹೇಳಬಾರದ್ದನ್ನು ಹೇಳಿಬಿಟ್ಟೆ — ಅವತ್ತು ನಿಯಮ ಅಂತ ಬ್ಯಾಡಂದೆ, ನಮ್ಮವ್ವಗೂ ಊರಾಗ ಮ್ಯಾಲಿಂದ ನೀರು ಹಾಕ್ತಿದ್ರು, ಅಣ್ಣ ಬಿಟ್ಟು ಹೋದ, ಎಲ್ಲ.

ಬಸಲಿಂಗಮ್ಮ ಗಂಟು ಬಿಟ್ಟು ಹತ್ತಿರ ಬಂದು ಕೂತಳು. "ಮತ್ತ ಯಾರ ಜೋಡಿ ಉಣ್ತಿ ತಂಗಿ?"

ಇದನ್ನು ನನಗೆ ಯಾರೂ ಕೇಳಿರಲಿಲ್ಲ. ಅವಳು ಅವಸರ ಮಾಡಲಿಲ್ಲ. ನೋಡುತ್ತ ಕೂತಳು, ಅಷ್ಟೇ. ಅತ್ತುಬಿಟ್ಟೆ. ಯಾವ ಕೌನ್ಸೆಲರೂ ಹಾಗೆ ಅಳಬಾರದು.

ಬಹಳ ಹೊತ್ತಾದ ಮೇಲೆ ಅವಳು ಸೆರಗು ಸರಿಸಿ ತೋಳು ತೋರಿಸಿದಳು. "ಹಂಚಲ್ಲ. ಒಲ್ಯಾಗ ಸರಳು ಕಾಸಿ ಇಟ್ಟಾನ. ಎರಡು ಸಲ."

ಹಾಸ್ಟೆಲ್ಲಿನ ವಿಷಯ ಹೇಳಿದೆ. ಸೆಂಟರ್ ದಾರಿ ಹೇಳಿದೆ. ಕೊನೆಗೆ ಹೌದು-ಇಲ್ಲ ಎನ್ನಬೇಕಾದ ಪ್ರಶ್ನೆ ಕೇಳಿದೆ. ಕೌನ್ಸೆಲರ್ ಹಾಗೆ ಕೇಳಬಾರದು.

"ನಾಳೆ ಲಾರಿ ಹತ್ತೀರೇನ್ರಿ?"

ಅವಳು ಮತ್ತೆ ಗಂಟು ಕಟ್ಟತೊಡಗಿದಳು.

ಮಾರ್ಚ್ 20, ಭಾನುವಾರ, ಸಂಜೆ

ಬೆಳಿಗ್ಗೆ ಹೋಗುವಷ್ಟರಲ್ಲಿ ಎರಡೂ ಲಾರಿ ಹೋಗಿದ್ದವು. ತಗಡು ಬಿಚ್ಚುತ್ತಿದ್ದರು. ಒಲೆಯ ಮೂರು ಕಲ್ಲು ಹಾಗೇ ಇದ್ದವು. ಅಲ್ಲೇ ಕೂತುಬಿಟ್ಟೆ.

"ಹೋದನೇನು?"

ನೀರಿನ ಟ್ಯಾಂಕಿನ ಹಿಂದೆ, ಗಂಟು ತೊಡೆಯ ಮೇಲಿಟ್ಟುಕೊಂಡು ಬಸಲಿಂಗಮ್ಮ. ಗಂಡ ಮುಂದಿನ ಲಾರಿ ಹತ್ತಿದ್ದ. ಇವಳು ಹಿಂದಿನದರಲ್ಲಿ ಬರುತ್ತಾಳೆಂದು ತಿಳಿದಿದ್ದ.

ಬೂತಿನಿಂದ ಮೇಡಮ್‌ಗೆ ಫೋನ್ ಮಾಡಿದೆ. ಹಾಸ್ಟೆಲ್ಲಿಗೆ ಸೇರಿಸಿಕೊಳ್ಳುವುದು ಸೋಮವಾರ ಬೆಳಿಗ್ಗೆಯೇ ಅಂತೆ. "ಹಂಗಾದ್ರ ಇವತ್ತು ರಾತ್ರಿ..." ಎಂದೆ. ಮೇಡಮ್ ಸುಮ್ಮನಾದರು. ನಾನೂ ಸುಮ್ಮನಾದೆ. ಆಮೇಲೆ ಅವರೇ ಹೇಳಿದರು: "ಎಲ್ಲಿ ಇಟ್ಟಿ ಅಂತ ನಾ ಕೇಳಂಗಿಲ್ಲ ಸುಭದ್ರಾ. ಚಿಲಕ ಛಲೋ ಹಾಕೊ."

ಚಿಲಕ ಹಾಕಿದ್ದೇನೆ. ಹೊರಗೆ ಸಪ್ಪಳವಾದರೆ ಇಬ್ಬರೂ ಬಾಗಿಲ ಕಡೆ ನೋಡುತ್ತೇವೆ. ಅವಳು ನನ್ನ ಹಿಟ್ಟಿನ ಡಬ್ಬಿ ತೆಗೆದು ಬೈದಳು: "ಏನ್ ಹಿಟ್ಟವ್ವ ಇದು, ಹುಳ ಓಡ್ಯಾಡಾಕತ್ತಾವ! ಒಬ್ಬಾಕಿ ಅಂತ ಹಿಂಗ ತಿಂತಾರೇನು?" ಸಾಣಿಸಿ, ಒಂದೇ ಕೈಯಲ್ಲಿ ರೊಟ್ಟಿ ಬಡಿದಳು. ಗೋಡೆಯಾಚೆಯವರಿಗೂ ಕೇಳಿಸಿರಬೇಕು ಆ ಸದ್ದು.

ನಾಳೆ ಬೆಳಿಗ್ಗೆ ಹಾಸ್ಟೆಲ್ಲಿಗೆ ಬಿಡಬೇಕು. ಸಂಜೆ ಬಂದಾಗ ಮತ್ತೆ ಈ ಖೋಲಿ, ನಾನು.

"ಏನ್ ಬರ್ಯಾಕತ್ತಿ? ಬಾ, ಆರತಾವ."

ನನ್ನಲ್ಲಿರುವುದು ಒಂದೇ ತಾಟು. ಅದನ್ನು ನಡುವೆ ಇಟ್ಟು, ಮುಟ್ಟದೆ ಕೂತಿದ್ದಾಳೆ. ಬಂದೆ ಅಂದೆ. ಉಳಿದದ್ದು ಆಮೇ—