ಖಾಲಿ ಕೋಣೆಯ ಪರೀಕ್ಷೆ

ಕಚೇರಿ, ಕಿಟಕಿ ಪಕ್ಕದ ಮೇಜು
ಗುರುವಾರ, ಅಕ್ಟೋಬರ್ ೧೭, ಬೆಳಿಗ್ಗೆ ಹತ್ತೂವರೆ

ಮುದ್ದು ಮಗಳೇ,

ಹೇಗಿದ್ದೀಯೇ? ಕೆಮ್ಮು ಹೋಯಿತಾ? ಎರಡು ಜೊತೆ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲಾ ಅಲ್ಲೂ ಬರಿಗಾಲಲ್ಲೇ ಓಡಾಟವೋ? ಆ ದ್ವೀಪದ ಹವಾಮಾನ ಕೇಂದ್ರದಲ್ಲಿ ನೀವಿರುವುದು ನಾಲ್ಕೇ ಜನ, ರೇಡಿಯೋ ಬೇರೆ ಕೆಟ್ಟು ಮೂರು ವಾರವಾಯಿತು. ನಿನ್ನ ದನಿ ಕೇಳದೆ ನಿಮ್ಮಪ್ಪ ಮನೆಯಲ್ಲಿ ಶತಪಥ ಹಾಕುತ್ತಿದ್ದಾರೆ. ಯಾಕ್ರೀ ಅಂದರೆ, “ತಿಂದಿದ್ದು ಅರಗಬೇಕಲ್ವಾ” ಅಂತಾರೆ. ಬೆಳಿಗ್ಗೆ ಆರಕ್ಕೆ ಏನು ತಿಂದಿರುತ್ತಾರೋ!

ಹೊಸ ರೇಡಿಯೋ ಇವತ್ತು ಮೂರು ಗಂಟೆಯ ಹಡಗಿನಲ್ಲಿ ಹೊರಡುತ್ತದೆ. ಅದೇ ಪೆಟ್ಟಿಗೆಯಲ್ಲಿ ಒಂದು ಕೆಂಪು ಪೆನ್‌ಡ್ರೈವ್ ಇದೆ. ಅದರಲ್ಲಿರುವುದು ನಿಮ್ಮ ಹೀಟರ್ ನಡೆಸುವ ಹೊಸ ಸಾಫ್ಟ್‌ವೇರ್, ನಾನೇ ಸಿದ್ಧಮಾಡಿ ನಾನೇ ಪರೀಕ್ಷಿಸಿದ್ದು. ಮುಂದಿನ ಹಡಗು ಐದು ತಿಂಗಳ ಮೇಲೆ. ಅಷ್ಟೂ ಚಳಿಗಾಲ ನೀವು ಬದುಕಿರಬೇಕಾದರೆ ಅದು ಸರಿಯಾಗಿರಲೇಬೇಕು. ನಿನ್ನೆ ಸಂಜೆ ಪೆಟ್ಟಿಗೆಗೆ ಮೊಳೆ ಹೊಡೆದು ಬಂದರಿಗೆ ಒಯ್ದರು. ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಕಾರಣ ಕೇಳಿದರೆ ನಗುತ್ತೀಯ. ಪರೀಕ್ಷೆ ಮೊದಲ ಸಲಕ್ಕೇ ಪಾಸಾಯಿತು. ಇಪ್ಪತ್ತಾರು ವರ್ಷದಲ್ಲಿ ನನ್ನದು ಯಾವುದು ಮೊದಲ ಸಲಕ್ಕೆ ಪಾಸಾಗಿದೆ ಹೇಳು! ಮೇಲಧಿಕಾರಿಯಮ್ಮ ಬೆನ್ನು ತಟ್ಟಿದರು, ನನಗೆ ಮಾತ್ರ ಏನೋ ಕಸಿವಿಸಿ. ನಮ್ಮ ಪದ್ಧತಿ ನಿನಗೆ ಗೊತ್ತಲ್ಲ: ಕಂಪ್ಯೂಟರಿನೊಳಗೇ ಒಂದು ಖಾಲಿ ಕೋಣೆ ಕಟ್ಟಿ, ಹೊರಗಿನ ಒಂದು ಫೈಲೂ ಅದಕ್ಕೆ ಕಾಣದಂತೆ ಮುಚ್ಚಿ, ಪೆನ್‌ಡ್ರೈವಿನಲ್ಲಿ ಹೋಗುವುದನ್ನಷ್ಟೇ ಒಳಗಿಟ್ಟು ಓಡಿಸಬೇಕು. ಅಲ್ಲಿ ಓಡಿದರೆ ದ್ವೀಪದಲ್ಲೂ ಓಡುತ್ತದೆ. ಹೋದ ಬೇಸಿಗೆಯಲ್ಲಿ ಎರಡು ತಿಂಗಳು ನನ್ನ ಪಕ್ಕ ಕೂತು ನೀನೂ ಇದನ್ನೇ ಮಾಡಿದೆ. “ಪ್ರತಿ ಸಲ ಎಲ್ಲಾ ಒಳಗೆ ಹೊತ್ತು ಹಾಕೋಕೆ ನನ್ನ ಕೈಲಾಗಲ್ಲಮ್ಮಾ” ಅಂತ ರಂಪ ಮಾಡಿ, ನಿನ್ನದೊಂದು ಫೋಲ್ಡರ್ ಆ ಕೋಣೆಗೆ ಕಾಣುವಂತೆ ದಾರಿ ಬಿಡಿಸಿಕೊಂಡೆ. ಫೋಲ್ಡರಿಗೆ ‘ಅಮ್ಮನ ತಲೆನೋವು’ ಅಂತ ಹೆಸರು ಬೇರೆ. ಕತ್ತೆ!

ನೀನು ಹೋದ ಮೇಲೆ ಅದನ್ನು ತೆಗೆಯಬೇಕಿತ್ತು. ತೆಗೆಯಲಿಲ್ಲ. ದಿನಾ ಕೆಲಸ ಶುರುಮಾಡುವ ಮುಂಚೆ ಒಮ್ಮೆ ತೆರೆದು ನೋಡುತ್ತೇನೆ. ನೀನು ಮಾಡಿದ ಪಟ್ಟಿಗಳು, ನನ್ನನ್ನು ಆಡಿಕೊಂಡು ಬರೆದ ಟಿಪ್ಪಣಿಗಳು, ಎಲ್ಲ ಹಾಗೇ ಇವೆ. ಮನೆಯಲ್ಲಿ ನಿನ್ನ ಕೋಣೆಯನ್ನು ನಿಮ್ಮಪ್ಪ ಗುಡಿಸಿ ಒಪ್ಪ ಮಾಡಿಬಿಟ್ಟರು. ಇದೊಂದನ್ನು ಯಾರೂ ಮುಟ್ಟಿಲ್ಲ. ಸಾಕು, ಹೀಗೇ ಬರೆಯುತ್ತಾ ಕೂತರೆ ಟಪಾಲು ತಪ್ಪುತ್ತದೆ. ಅದೇ ಹಡಗಿಗೆ ಒಂದು ಗಂಟೆಗೆ ಚೀಲ ಕಟ್ಟುತ್ತಾರಂತೆ.

ಹೊತ್ತು ಹೊತ್ತಿಗೆ ಊಟ ಮಾಡು, ಜೊತೆಯವರ ಹತ್ತಿರ ಜಗಳ ಆಡಬೇಡ. ಅಪ್ಪನದೂ ನನ್ನದೂ ಆಶೀರ್ವಾದ ನಿನ್ನ ತಲೆಯ ಮೇಲಿರಲಿ, ಅದರ ಮೇಲೊಂದು ಉಣ್ಣೆ ಟೋಪಿಯೂ ಇರಲಿ.

ನಿನ್ನ
ಅಮ್ಮ

ತಾ.ಕ.: ಹನ್ನೆರಡೂಕಾಲು. ಕೆಂಪು ಪೆನ್‌ಡ್ರೈವ್ ಹಾಕಬೇಡ. ಹಾಕಲೇಬೇಡ! ಮನಸ್ಸು ತಡೆಯದೆ ನಿನ್ನ ಫೋಲ್ಡರಿನ ದಾರಿ ಮುಚ್ಚಿ ಇನ್ನೊಮ್ಮೆ ಓಡಿಸಿದೆ. ಪರೀಕ್ಷೆಯಲ್ಲಿ ಹೀಟರ್ ಹೊತ್ತಲೇ ಇಲ್ಲ. ಎಷ್ಟು ಚಳಿಗೆ ಉರಿ ಹೊತ್ತಬೇಕೆಂಬ ಪಟ್ಟಿಯನ್ನು ಪೆನ್‌ಡ್ರೈವಿಗೆ ಹಾಕುವುದನ್ನೇ ಮರೆತಿದ್ದೆ. ನಿನ್ನೆ ಅದು ನಿನ್ನ ಫೋಲ್ಡರಿನಲ್ಲಿದ್ದ ಪಟ್ಟಿಯನ್ನು ಓದಿಕೊಂಡು ಪಾಸಾಗಿದೆ. ನೀನು ಹಾಕಿದರೆ ಹಳೆಯದು ಅಳಿಸಿಹೋಗುತ್ತದೆ, ಹೊಸದು ಏಳುವುದಿಲ್ಲ. ಬಂದರಿಗೆ ಫೋನ್ ಮಾಡಿದೆ. ಪೆಟ್ಟಿಗೆ ಹಡಗಿನ ತಳ ಸೇರಿದೆ, ಈಗ ತೆಗೆಯೋಕಾಗಲ್ಲ ಅಂದರು. ಸರಿಪಡಿಸಿದ್ದನ್ನು ಪೂರ್ತಿ ಪರೀಕ್ಷಿಸಲು ಎರಡು ದಿನ ಬೇಕು, ಪರೀಕ್ಷಿಸದೆ ನಿನಗೆ ಇನ್ನು ಏನನ್ನೂ ಕಳಿಸಲಾರೆ. ಹಳೆಯದು ಎಣ್ಣೆ ಹೆಚ್ಚು ಕುಡಿದರೂ ಉರಿಯುತ್ತದೆ, ಅದೇ ಇರಲಿ. ನೀನು ಪೆಟ್ಟಿಗೆ ಬಿಚ್ಚಿ ಎಲ್ಲ ಜೋಡಿಸಿ ಆಮೇಲೆ ಪತ್ರ ಓದುವವಳು, ನನಗೆ ಗೊತ್ತಿಲ್ಲವೇ? ಅದಕ್ಕೇ ಲಕೋಟೆಯ ಎರಡೂ ಕಡೆ ದಪ್ಪಕ್ಷರದಲ್ಲಿ ಬರೆದಿದ್ದೇನೆ. ರೇಡಿಯೋ ಜೋಡಿಸಿದ ತಕ್ಷಣ ಬೇರೇನೂ ಮಾತಾಡಬೇಡ, ಮೊದಲು “ಹಾಕಿಲ್ಲಮ್ಮಾ” ಅನ್ನು. ಪರೀಕ್ಷೆ ಮತ್ತೆ ಹೀಗೆ ಸುಳ್ಳಾಗಬಾರದೆಂದು, ಪಟ್ಟಿಯೊಂದನ್ನು ಉಳಿಸಿಕೊಂಡು ನಿನ್ನ ಫೋಲ್ಡರನ್ನು ಈಗಷ್ಟೇ ಅಳಿಸಿದೆ ಕಣೇ. ನನ್ನನ್ನು ಆಡಿಕೊಂಡಿದ್ದೆಲ್ಲ ಹೋಯಿತು.